ಧವಸ ಭಂಡಾರದಿಂದ ಮೊಬೈಲ್ ಸಾಲದವರೆಗೆ: ಗಾಳಿಬೀಡಿನಲ್ಲಿ ಕುಳಿತು ನೋಡಿದ ಸಾಲದ ಚರಿತ್ರೆ

ಕಕ್ಕಡ ತಿಂಗಳಲ್ಲಿ ಗಾಳಿಬೀಡಿನಲ್ಲಿ ಮಳೆಯೂ ನಿಲ್ಲುವುದಿಲ್ಲ, ಖರ್ಚೂ ನಿಲ್ಲುವುದಿಲ್ಲ. ಮಕ್ಕಳ ಕಾಲೇಜಿನ ಶುಲ್ಕ ಕಟ್ಟಬೇಕು, ತೋಟಕ್ಕೆ ಗೊಬ್ಬರ ಆಗಬೇಕು, ಮಾಡಿನ ಹಂಚು ಸೋರುತ್ತಿರುತ್ತದೆ. ಕಾಫಿ ಹಣ ಕೈಗೆ ಬರಲು ಇನ್ನೂ ಆರು ತಿಂಗಳು ಇದೆ. ಸರಿಯಾಗಿ ಈ ಹೊತ್ತಿಗೆ ಮೊಬೈಲ್ ಟಣ್ ಎನ್ನುತ್ತದೆ: ನಿಮಗೆ ಒಂದು ಲಕ್ಷ ರೂಪಾಯಿ ಸಾಲ ಮಂಜೂರಾಗಿದೆ, ಈ ಲಿಂಕ್ ಒತ್ತಿ.

ಒಂದು ಲಕ್ಷ ರೂಪಾಯಿ ಬೇಕಾದರೆ ಯಾರ ಹತ್ತಿರ ಹೋಗಬೇಕು? ಬ್ಯಾಂಕಿಗೋ, ವಿಎಸ್‌ಎಸ್‌ಎನ್‌ಗೋ, ಮಹಿಳಾ ಸಂಘಕ್ಕೋ, ಚಿನ್ನ ಇಟ್ಟು ತರುವುದೋ, ಪರಿಚಯದವರಿಂದ ಕೈಸಾಲವೋ, ಈ ಮೊಬೈಲ್ ಸಾಲವೋ? ನಮ್ಮ ಬಳಗದವರು ಮೊದಲು ಬಡ್ಡಿ ದರದ ಒಂದು ಪಟ್ಟಿ ಮಾಡೋಣ ಎಂದು ಕೂತೆವು. ಪಟ್ಟಿ ಅರ್ಧವಾಗುವಾಗಲೇ ಬಡ್ಡಿ ದರ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ ಎನ್ನುವುದು ಗೊತ್ತಾಯಿತು. ಸಾಲ ಕೊಡುವವರು ನಮ್ಮಿಂದ ಏನನ್ನು ಹಿಡಿದುಕೊಳ್ಳುತ್ತಾರೆ ಎನ್ನುವುದೂ ಸಾಲದ ಬೆಲೆಯಲ್ಲೇ ಸೇರಿದೆ. ಕೊಡಗಿನ ನೂರೈವತ್ತು ವರ್ಷಗಳ ಸಾಲದ ಚರಿತ್ರೆ ನೋಡಿದರೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಹಾಗಾಗಿ ಪಟ್ಟಿಗೆ ಮೊದಲು ಚರಿತ್ರೆ ಹೇಳುತ್ತೇವೆ. ಲೆಕ್ಕ ಕೊನೆಯಲ್ಲಿದೆ.

ಭತ್ತವೇ ಸಾಲ, ಭತ್ತವೇ ಬಡ್ಡಿ

ಕೊಡಗಿನ ಹಲವು ಊರುಗಳಲ್ಲಿ ಇಂದಿಗೂ ‘ಧವಸ ಭಂಡಾರ’ ಎಂಬ ಬೋರ್ಡು ಕಾಣುತ್ತದೆ. ಈಗ ಅವುಗಳಲ್ಲಿ ಹಣದ ವ್ಯವಹಾರವೇ ಹೆಚ್ಚು. ಆದರೆ ಹೆಸರೇ ಹೇಳುವಂತೆ ಅವು ಶುರುವಾದದ್ದು ಧಾನ್ಯದ ಸಹಕಾರ ಸಂಘಗಳಾಗಿ. ಸದಸ್ಯರು ಭತ್ತ ತಂದು ಕೂಡಿಡುತ್ತಿದ್ದರು. ಮಳೆಗಾಲದಲ್ಲಿ ಮನೆಯ ಪತ್ತಾಯ ಬರಿದಾದಾಗ ಭಂಡಾರದಿಂದ ಭತ್ತ ಒಯ್ಯುವುದು, ಹುತ್ತರಿ ಕಳೆದು ಹೊಸ ಭತ್ತ ಬಂದ ಮೇಲೆ ಒಯ್ದಷ್ಟನ್ನೂ ಬಡ್ಡಿಯ ಭತ್ತವನ್ನೂ ಅಳೆದು ಹಿಂದಕ್ಕೆ ಕೊಡುವುದು.

ಇದರ ಲಾಭ ಮೇಲ್ನೋಟಕ್ಕೆ ಕಾಣುವುದಿಲ್ಲ. ಮಳೆಗಾಲದಲ್ಲಿ ಭತ್ತದ ಬೆಲೆ ಏರಿರುತ್ತದೆ, ಕೊಯ್ಲಾದ ಕೂಡಲೇ ಇಳಿಯುತ್ತದೆ. ಕಕ್ಕಡದಲ್ಲಿ ಹಣ ಸಾಲ ಮಾಡಿ ಹತ್ತು ಬಟ್ಟಿ ಭತ್ತ ಕೊಂಡವನು ಕೊಯ್ಲಾದ ಮೇಲೆ ಅದೇ ಹಣ ತೀರಿಸಲು ಹದಿಮೂರೋ ಹದಿನಾಲ್ಕೋ ಬಟ್ಟಿ ಮಾರಬೇಕಾದೀತು. ಬಡ್ಡಿ ಅದರ ಮೇಲೆ ಬೇರೆ. ಭತ್ತಕ್ಕೆ ಭತ್ತ ಅಳೆದು ಕೊಟ್ಟರೆ ಆ ನಷ್ಟವಿಲ್ಲ. ಇನ್ನೊಂದು ಅನುಕೂಲವೆಂದರೆ ತೀರಿಸುವ ದಿನ ಬೆಳೆ ಬರುವ ದಿನಕ್ಕೆ ಹೊಂದಿಕೊಂಡಿತ್ತು. ಪ್ರತಿ ತಿಂಗಳು ಐದನೇ ತಾರೀಕಿಗೆ ಯಾರೂ ಭತ್ತ ಕೇಳುತ್ತಿರಲಿಲ್ಲ.

ದುಡಿಮೆಯನ್ನೇ ಹಿಡಿದ ಸಾಲ

ಅದೇ ಕೊಡಗಿನಲ್ಲಿ ಇನ್ನೊಂದು ಬಗೆಯ ಸಾಲವೂ ನಡೆಯುತ್ತಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ಮುಂದೆ ಕಾಡು ಕಡಿದು ತೋಟ ಮಾಡಲು ಸಾವಿರಾರು ಆಳುಗಳು ಬೇಕಾದರು. ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ ಆಳುಗಳನ್ನು ತಂದವರು ಮೇಸ್ತ್ರಿಗಳು. ತರುವ ಉಪಾಯ ಮುಂಗಡ. ಊರಲ್ಲಿ ಕೈಗೆ ಒಂದಷ್ಟು ಹಣ ಕೊಟ್ಟರೆ ಆ ಹಣ ತೀರುವವರೆಗೆ ತೋಟದಲ್ಲಿ ದುಡಿಯಬೇಕು.

ಇಲ್ಲಿ ಅಡವು ಜಮೀನಲ್ಲ, ಒಡವೆಯಲ್ಲ, ಮನುಷ್ಯನ ದುಡಿಮೆ. ಅದಕ್ಕೆ ಕಾನೂನಿನ ಬಲವೂ ಇತ್ತು. 1859ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಬಹುದಿತ್ತು. ಆ ಕಾಯ್ದೆಯನ್ನು ರದ್ದು ಮಾಡಿದ್ದು 1925ರಲ್ಲಿ. ಸಾಲಕ್ಕಾಗಿ ಜೀತ ದುಡಿಸುವುದು ದೇಶದಲ್ಲಿ ಕಾನೂನಿನಿಂದ ನಿಷೇಧವಾದದ್ದು ಇನ್ನೂ ಐವತ್ತು ವರ್ಷದ ನಂತರ, 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಲ್ಲಿ.

ಆ ಮುಂಗಡಕ್ಕೆ ಕಾಗದದ ಮೇಲೆ ಬಡ್ಡಿಯೇ ಇರದಿದ್ದರೂ ಅದು ಅಗ್ಗದ ಸಾಲವಾಗಿರಲಿಲ್ಲ. ಬೇರೆ ತೋಟದಲ್ಲಿ ಹೆಚ್ಚು ಕೂಲಿ ಸಿಕ್ಕರೂ ಹೋಗುವಂತಿಲ್ಲ ಎನ್ನುವುದೇ ಅದರ ಬಡ್ಡಿ. ‘ಬಡ್ಡಿ ಇಲ್ಲದ ಸಾಲ’ ಎಂಬ ಮಾತು ಕೇಳಿದಾಗಲೆಲ್ಲ ನಾವು ಇದನ್ನು ನೆನಪಿಸಿಕೊಳ್ಳಬೇಕು.

ಅಡವಿಡಲಾಗದ ಜಮ್ಮಾ, ಅಡವಿಟ್ಟ ಬೆಳೆ

ಜಮೀನು ಇದ್ದವರ ಕಥೆ ಬೇರೆ. ಕೊಡಗಿನ ಜಮ್ಮಾ ಭೂಮಿ ಒಬ್ಬನ ಸ್ವತ್ತಲ್ಲ, ಇಡೀ ಕುಟುಂಬದ್ದು. ಕಂದಾಯ ಕಡಿಮೆ. ಅದಕ್ಕೆ ಬದಲಾಗಿ ಹಳೆಯ ನಿಯಮದಲ್ಲಿ ಅದನ್ನು ಮಾರುವ, ಅಡವಿಡುವ ಸ್ವಾತಂತ್ರ್ಯ ಇರಲಿಲ್ಲ. ಇದರಿಂದ ತೊಂದರೆಯೂ ಆಯಿತು, ರಕ್ಷಣೆಯೂ ಸಿಕ್ಕಿತು. ಜಮೀನು ತೋರಿಸಿ ದೊಡ್ಡ ಸಾಲ ತರಲಾಗುತ್ತಿರಲಿಲ್ಲ. ಆದರೆ ಸಾಲಗಾರ ಬಂದು ಜಮೀನು ಬರೆಸಿಕೊಳ್ಳಲೂ ಆಗುತ್ತಿರಲಿಲ್ಲ. ಅಡವಿಡಲಾಗದ್ದು ಕೈತಪ್ಪಿ ಹೋಗುವುದೂ ಇಲ್ಲ.

ಈ ಹಳೆಯ ಕಥೆಯ ನೆರಳು ಇಂದಿನ ಬ್ಯಾಂಕಿನ ಕೌಂಟರಿನವರೆಗೂ ಬಂದಿದೆ. ಪಹಣಿಯಲ್ಲಿ ಪಟ್ಟೆದಾರರ ಹೆಸರಿನ ಜೊತೆ ಕುಟುಂಬದ ಹಲವರ ಹೆಸರು ಕೂಡಿಕೊಂಡಿದ್ದರೆ ‘ನಿಮ್ಮ ಪಾಲು ಯಾವುದು’ ಎಂದು ಬ್ಯಾಂಕಿನವರು ಕೇಳುತ್ತಾರೆ. ಎಲ್ಲರ ಸಹಿ ಬೇಕು ಎನ್ನುತ್ತಾರೆ. ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ದುಬೈಯಲ್ಲಿ. ಕಾಗದ ಕೂಡಿ ಬರುವಾಗ ಗೊಬ್ಬರ ಹಾಕುವ ಕಾಲ ಮುಗಿದಿರುತ್ತದೆ. ಜಮೀನಿದ್ದೂ ದುಬಾರಿ ಸಾಲಕ್ಕೆ ಕೈಯೊಡ್ಡುವ ಮನೆಗಳು ನಮ್ಮಲ್ಲಿ ಇರುವುದಕ್ಕೆ ಇದೂ ಒಂದು ಕಾರಣ.

ಜಮೀನು ಅಡವಿಡಲಾಗದವರು ಬೆಳೆ ತೋರಿಸಿ ಸಾಲ ತಂದರು. ಕಾಫಿ ಕೊಳ್ಳುವ ವ್ಯಾಪಾರಿಯಿಂದ ಮಳೆಗಾಲದಲ್ಲೇ ಮುಂಗಡ, ಕೊಯ್ಲಾದ ಮೇಲೆ ಅವನಿಗೇ ಕಾಫಿ. 1942ರ ಕಾಫಿ ಕಾಯ್ದೆಯ ನಂತರ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗತೊಡಗಿತು. ಮಂಡಳಿ ಹಣವನ್ನು ಒಂದೇ ಸಲ ಕೊಡದೆ ಕಂತು ಕಂತಾಗಿ ಕೊಡುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಸಡಿಲವಾಗಿ 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಬೆಳೆಯನ್ನು ತನಗೆ ಬೇಕಾದವರಿಗೆ ಮಾರುವಂತಾಯಿತು. ಅದರೊಂದಿಗೆ ವ್ಯಾಪಾರಿಯ ಮುಂಗಡಕ್ಕೂ ದಾರಿ ತೆರೆಯಿತು. ಮುಂಗಡ ಕೊಟ್ಟ ವ್ಯಾಪಾರಿ ಬಡ್ಡಿ ಕೇಳದಿರಬಹುದು. ಆದರೆ ಕೊಯ್ಲಿನ ದಿನ ದರ ಹೇಳುವವನು ಅವನೇ ಆಗಿರುತ್ತಾನೆ. ಮಡಿಕೇರಿಯ ಮಾರುಕಟ್ಟೆ ದರಕ್ಕೂ ಅವನು ಕೊಡುವ ದರಕ್ಕೂ ಮೂಟೆಗೆ ಎಷ್ಟು ವ್ಯತ್ಯಾಸ ಎಂದು ಗುಣಿಸಿ ನೋಡಿದರೆ ಬಡ್ಡಿ ಎಲ್ಲಿ ಅಡಗಿದೆ ಎಂದು ತಿಳಿಯುತ್ತದೆ.

ನೆರೆಯವನೇ ಹೊಣೆ

1904ರಲ್ಲಿ ದೇಶದ ಮೊದಲ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ದೇಶದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಅದಕ್ಕೆ ಮೊದಲ ಸ್ಥಾನ. ಕೊಡಗಿನಲ್ಲೂ ಸಂಘಗಳು ಹುಟ್ಟಿದವು. ಅವುಗಳಿಗೆ ಹಣ ಒದಗಿಸುವ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್ 1921ರಲ್ಲಿ ಆರಂಭವಾಗಿ ಈಗ ನೂರು ವರ್ಷ ದಾಟಿದೆ.

ಆ ಕಾಲದ ಹಳ್ಳಿಯ ಸಂಘಗಳ ಒಂದು ನಿಯಮ ಇಂದು ಕೇಳಿದರೆ ಬೆಚ್ಚಿ ಬೀಳುತ್ತೇವೆ. ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಿಂದ ತುಂಬಿಕೊಡಬೇಕು. ಹಾಗಾಗಿ ಯಾರಿಗೆ ಸಾಲ ಕೊಡಬೇಕು ಎಂದು ಊರವರೇ ಹತ್ತು ಸಲ ಯೋಚಿಸುತ್ತಿದ್ದರು. ಸಾಲಕ್ಕೆ ಅಡವು ಎಂದರೆ ನೆರೆಯವನ ಕಣ್ಣು.

ಆದರೂ ಸಹಕಾರ ಸಂಘಗಳು ಎಲ್ಲರನ್ನೂ ಮುಟ್ಟಲಿಲ್ಲ. ಸ್ವಾತಂತ್ರ್ಯದ ನಂತರ 1951–52ರಲ್ಲಿ ರಿಸರ್ವ್ ಬ್ಯಾಂಕ್ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ 3.1 ಮಾತ್ರ. ವಾಣಿಜ್ಯ ಬ್ಯಾಂಕುಗಳದ್ದು ನೂರಕ್ಕೆ ಒಂದೂ ಇಲ್ಲ. ಲೇವಾದೇವಿಗಾರರ ಪಾಲು ಸುಮಾರು 70. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ, 1975ರಿಂದ ಗ್ರಾಮೀಣ ಬ್ಯಾಂಕುಗಳು, 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್, ಇವೆಲ್ಲ ಆ 70ನ್ನು ಇಳಿಸಲು ಹೊರಟ ಪ್ರಯತ್ನಗಳು.

ಹೆಣ್ಣುಮಕ್ಕಳಿಗೆ ಇವುಗಳ ಬಾಗಿಲು ತೆರೆದದ್ದು ತಡವಾಗಿ. ಪಹಣಿ ಗಂಡಸರ ಹೆಸರಲ್ಲಿ, ಸಾಲವೂ ಅವರ ಹೆಸರಲ್ಲಿ. ಸ್ವಸಹಾಯ ಸಂಘ ಈ ಕಡೆಯಿಂದ ಬಂತು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಸಣ್ಣ ಗುಂಪುಗಳ ಅನುಭವವೂ ಸೇರಿ 1992ರಲ್ಲಿ ನಬಾರ್ಡ್ ಸಂಘಗಳಿಗೆ ನೇರವಾಗಿ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ಆರಂಭಿಸಿತು. ಇಲ್ಲೂ ಅಡವು ನೆರೆಯವರ ಮಾತೇ. ಒಬ್ಬಳು ವಾರದ ಕಂತು ತಪ್ಪಿಸಿದರೆ ಉಳಿದವರು ಕೇಳುತ್ತಾರೆ. ಇದು ಸಂಘದ ಶಕ್ತಿ. ಇದೇ ಹೊಣೆಯನ್ನು ಲಾಭಕ್ಕಾಗಿ ನಡೆಯುವ ಕಂಪನಿಗಳು ಬಳಸಿಕೊಂಡು ಒಂದೇ ಮನೆಗೆ ನಾಲ್ಕೈದು ಕಡೆಯಿಂದ ಸಾಲ ಕೊಟ್ಟಾಗ ಅದೇ ಹೊರೆಯಾಯಿತು. ಕಿರುಕುಳ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ.

ಸಾಲವನ್ನೇ ಅಳಿಸುವ ಕಾಯ್ದೆಗಳೂ ಬಂದಿವೆ. ದೇವರಾಜ ಅರಸರ ಕಾಲದಲ್ಲಿ 1976ರ ಋಣ ಪರಿಹಾರ ಕಾಯ್ದೆ, ಮತ್ತೆ 2018ರ ಋಣ ಪರಿಹಾರ ಕಾಯ್ದೆ. ಎರಡೂ ಬಡವರ ಖಾಸಗಿ ಸಾಲಕ್ಕೆ ಸಂಬಂಧಿಸಿದವು. ಆದರೆ ಕಾಯ್ದೆ ಹಳೆಯ ಸಾಲ ಅಳಿಸಬಹುದು, ಮುಂದಿನ ಕಕ್ಕಡಕ್ಕೆ ಹಣ ಕೊಡುವುದಿಲ್ಲ.

ಈಗ ಹಿಡಿದುಕೊಳ್ಳುವುದು ನಮ್ಮ ಹೆಸರನ್ನು

ಬ್ಯಾಂಕಿನ ‘ಪರ್ಸನಲ್ ಲೋನ್’ಗೆ ಜಮೀನೂ ಬೇಡ, ಚಿನ್ನವೂ ಬೇಡ ಎನ್ನುತ್ತಾರೆ. ಹಾಗಾದರೆ ಅಡವು ಯಾವುದು? ನಮ್ಮ ಹೆಸರು. ಕಂತು ಕಟ್ಟಿದ್ದು, ತಪ್ಪಿಸಿದ್ದು ಎಲ್ಲ ಸಿಬಿಲ್‌ನಂಥ ಸಂಸ್ಥೆಗಳಲ್ಲಿ ದಾಖಲಾಗಿ 300ರಿಂದ 900ರೊಳಗೆ ಒಂದು ಅಂಕ ಬರುತ್ತದೆ. ಅಣ್ಣನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿ ಅಣ್ಣ ಕಂತು ತಪ್ಪಿಸಿದರೆ ತಮ್ಮನ ಅಂಕಕ್ಕೂ ಪೆಟ್ಟು. ನಾಳೆ ಮಗಳ ಶಿಕ್ಷಣ ಸಾಲ ಕೇಳಲು ಹೋದಾಗ ಅದು ಎದುರಾಗುತ್ತದೆ.

ಮೊಬೈಲ್ ಸಾಲದ ಕಳ್ಳ ಆ್ಯಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅವು ಹಿಡಿದುಕೊಂಡದ್ದು ನಮ್ಮ ಫೋನನ್ನು. ಅದರಲ್ಲಿರುವ ನೆಂಟರ ನಂಬರು, ಮನೆಯವರ ಫೋಟೋ. ಕಂತು ತಪ್ಪಿದರೆ ನೆಂಟರಿಗೆಲ್ಲ ಫೋನು, ತಿರುಚಿದ ಫೋಟೋ. ಮೇಸ್ತ್ರಿ ಮುಂಗಡದ ಕಾಲದಲ್ಲಿ ಮೈಯನ್ನು ಹಿಡಿದಿದ್ದರು, ಇಲ್ಲಿ ಮಾನವನ್ನು ಹಿಡಿಯುತ್ತಾರೆ. 2022ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು: ಸಾಲದ ಆ್ಯಪ್ ನಮ್ಮ ಫೋನಿನ ನಂಬರು, ಫೋಟೋಗಳನ್ನು ತೆರೆದು ನೋಡುವಂತಿಲ್ಲ. ಹಣ ಸಾಲ ಕೊಡುವ ಸಂಸ್ಥೆಯ ಖಾತೆಯಿಂದಲೇ ನೇರವಾಗಿ ನಮ್ಮ ಖಾತೆಗೆ ಬರಬೇಕು. ಬೇಡ ಎನಿಸಿದರೆ ಗಡುವಿನೊಳಗೆ ದಂಡವಿಲ್ಲದೆ ಹಿಂದಿರುಗಿಸಲು ಅವಕಾಶ ಕೊಡಬೇಕು. ಫೋನಿನ ನಂಬರುಗಳಿಗೆ ಅನುಮತಿ ಕೇಳುವ ಆ್ಯಪ್ ಕಂಡರೆ ಅಲ್ಲಿಗೇ ಬಿಡಿ. ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಲೆಕ್ಕ

ಒಂದು ಲಕ್ಷ ರೂಪಾಯಿ, ಎರಡು ವರ್ಷ. ಇಬ್ಬರು ಸಾಲ ಕೊಡುವವರಿದ್ದಾರೆ ಎಂದುಕೊಳ್ಳಿ. ಒಬ್ಬರು ನೂರಕ್ಕೆ 14 ಬಡ್ಡಿ ಎನ್ನುತ್ತಾರೆ, ಇನ್ನೊಬ್ಬರು 12 ಎನ್ನುತ್ತಾರೆ. ಯಾವುದು ಅಗ್ಗ? ಎಲ್ಲರೂ 12 ಎನ್ನುತ್ತೇವೆ.

14 ಎಂದವರು ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುತ್ತಾರೆ. ಕಂತು ಕಟ್ಟಿದಂತೆ ಬಡ್ಡಿ ಇಳಿಯುತ್ತದೆ. ತಿಂಗಳ ಕಂತು ಸುಮಾರು 4,800 ರೂಪಾಯಿ, ಎರಡು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 15,200.

12 ಎಂದವರದ್ದು ‘ಫ್ಲಾಟ್’ ಬಡ್ಡಿ. ಅಸಲು ಅರ್ಧ ತೀರಿದ್ದರೂ ಪೂರ್ತಿ ಒಂದು ಲಕ್ಷಕ್ಕೇ ಬಡ್ಡಿ. ಕಂತು ಸುಮಾರು 5,167 ರೂಪಾಯಿ, ಒಟ್ಟು ಬಡ್ಡಿ 24,000. ಇಳಿಯುವ ಬಡ್ಡಿಯ ಲೆಕ್ಕಕ್ಕೆ ತಂದರೆ ಈ 12 ನಿಜವಾಗಿ 21ಕ್ಕೂ ಹೆಚ್ಚು.

ಇನ್ನು ಖರ್ಚು. ಪ್ರೊಸೆಸಿಂಗ್ ಶುಲ್ಕ ನೂರಕ್ಕೆ 2, ಅದರ ಮೇಲೆ 18 ಜಿಎಸ್‌ಟಿ ಎಂದರೆ 2,360 ರೂಪಾಯಿ. ಕೈಗೆ ಬರುವುದು 97,640, ಕಂತು ಮಾತ್ರ ಒಂದು ಲಕ್ಷಕ್ಕೆ. ಇದನ್ನೂ ಸೇರಿಸಿದರೆ ಮೊದಲಿನವರ 14 ಕೂಡ 16.4 ಆಗುತ್ತದೆ. ವಿಮೆ ಸೇರಿಸಿದರೆ ಮತ್ತೂ ಏರುತ್ತದೆ.

ಕೈಸಾಲದವರು ‘ನೂರಕ್ಕೆ ಮೂರೇ ರೂಪಾಯಿ’ ಎನ್ನುತ್ತಾರೆ. ಅದು ತಿಂಗಳಿಗೆ. ವರ್ಷಕ್ಕೆ 36. ತಿಂಗಳು ತಿಂಗಳು ಮೂರು ಸಾವಿರ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಎರಡು ವರ್ಷಕ್ಕೆ 72,000 ಹೋಗಿರುತ್ತದೆ, ಒಂದು ಲಕ್ಷ ಅಸಲು ಹಾಗೇ ಕೂತಿರುತ್ತದೆ. ವಾರದ ಬಡ್ಡಿಯವರು 10,000 ಬರೆಸಿಕೊಂಡು 8,500 ಕೈಗೆ ಕೊಟ್ಟು ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲು ಮಾಡುತ್ತಾರೆ. ಅದನ್ನು ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ 150 ದಾಟುತ್ತದೆ.

ಜಮೀನಿರುವವರು ಮೊದಲು ವಿಎಸ್‌ಎಸ್‌ಎನ್‌ನಲ್ಲಿ ಕೇಳಬೇಕು. ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ. ಮಿತಿ 3 ಲಕ್ಷ ಇದ್ದದ್ದು 2023–24ರಿಂದ 5 ಲಕ್ಷ. ಆದರೆ ಶೂನ್ಯ ಎನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ತಪ್ಪಿದರೂ ಬಡ್ಡಿ ಬರುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಮಿತಿ ಲೆಕ್ಕ ಹಾಕುವಾಗ ಬೆಳೆ ಖರ್ಚಿನ ಜೊತೆಗೆ ಕೊಯ್ಲಿನ ನಂತರದ ಮತ್ತು ಮನೆಯ ಖರ್ಚಿಗೆಂದು ನೂರಕ್ಕೆ 10 ಸೇರಿಸುವ ನಿಯಮವಿದೆ. ಇದು ಹಲವರಿಗೆ ಗೊತ್ತಿಲ್ಲ. ಸಣ್ಣ ಖರ್ಚಿಗೆ ದುಬಾರಿ ಸಾಲ ತರುವ ಮೊದಲು ಅಲ್ಲಿ ಎಷ್ಟು ಉಳಿದಿದೆ ನೋಡಿ.

ಜಮೀನಿಲ್ಲದವರಿಗೆ ಸಂಘದ ಸಾಲ, ಬ್ಯಾಂಕ್ ಅಥವಾ ಸಹಕಾರ ಸಂಘದ ಚಿನ್ನದ ಸಾಲ ಸಾಮಾನ್ಯವಾಗಿ ಕೈಸಾಲಕ್ಕಿಂತ ಅಗ್ಗ. ಚಿನ್ನದ ಸಾಲದಲ್ಲಿ ಅಪಾಯ ಕಣ್ಣಿಗೆ ಕಾಣುತ್ತದೆ. ತೀರಿಸದಿದ್ದರೆ ಒಡವೆ ಹರಾಜಾಗುತ್ತದೆ. ಹರಾಜಿನ ಮೊದಲು ನೋಟಿಸ್ ಯಾವ ವಿಳಾಸಕ್ಕೆ ಬರುತ್ತದೆ ಎಂದು ಅಡವಿಡುವ ದಿನವೇ ನೋಡಿಕೊಳ್ಳಿ.

ಇಷ್ಟೆಲ್ಲ ಲೆಕ್ಕ ನಾವೇ ಹಾಕಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಡಿಸಿಸಿ ಬ್ಯಾಂಕು, ಫೈನಾನ್ಸ್ ಕಂಪನಿಗಳು ಪ್ರತಿ ಹೊಸ ವೈಯಕ್ತಿಕ ಸಾಲಕ್ಕೂ ಸಹಿಗೆ ಮೊದಲೇ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಕಾಗದ ಕೊಡಬೇಕು. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ‘ಎಪಿಆರ್’ ಎಂಬ ಹೆಸರಲ್ಲಿ ಇರುತ್ತದೆ. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎನ್ನುವುದೂ ನಿಯಮವೇ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಎರಡು ಕಡೆಯ ಕಾಗದ ತಂದು ಎಪಿಆರ್ ಅಕ್ಕಪಕ್ಕ ಇಟ್ಟು ನೋಡಿ. ಬ್ಯಾಂಕಿನ ವಿರುದ್ಧ ದೂರಿದ್ದರೆ ಮೊದಲು ಬ್ಯಾಂಕಿಗೆ ಬರೆದು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ 14448 ನಂಬರಿನಲ್ಲಿ ವಿಚಾರಿಸಿ.

ಗುಡ್ಡ ಜರಿದ ವರ್ಷ

ಕೊನೆಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಗಾಳಿಬೀಡು, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ, ಮಕ್ಕಂದೂರಿನ ಸುತ್ತ ಗುಡ್ಡಗಳು ಜರಿದವು. ಮನೆ ಹೋಯಿತು, ತೋಟ ಮಣ್ಣಿನಡಿ ಹೋಯಿತು. ಸಾಲ ಮಾತ್ರ ಪುಸ್ತಕದಲ್ಲಿ ಹಾಗೇ ಉಳಿಯಿತು. ಆಗ ಗೊತ್ತಾಯಿತು, ಸಾಲ ಯಾರ ಹತ್ತಿರ ಇತ್ತು ಎನ್ನುವುದು ಎಷ್ಟು ದೊಡ್ಡ ವಿಷಯ ಎಂದು.

ಪ್ರಕೃತಿ ವಿಕೋಪದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಬೆಳೆ ಸಾಲವನ್ನು ದೀರ್ಘ ಕಂತಿಗೆ ಬದಲಿಸಿ ಮೊದಲ ಒಂದು ವರ್ಷ ಕಂತು ಕೇಳದಿರುವ ಅವಕಾಶ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಲ್ಲಿತ್ತು. ತಾನಾಗಿ ಯಾರೂ ಮನೆಗೆ ಬಂದು ಹೇಳುವುದಿಲ್ಲ, ಅರ್ಜಿ ಹಿಡಿದು ನಾವೇ ಹೋಗಬೇಕು. ಆದರೆ ಕೇಳಲು ಒಂದು ನಿಯಮವಾದರೂ ಇತ್ತು. ಕೈಸಾಲಕ್ಕೆ, ವಾರದ ಬಡ್ಡಿಗೆ, ವ್ಯಾಪಾರಿಯ ಮುಂಗಡಕ್ಕೆ ಅಂಥ ನಿಯಮ ಯಾವುದೂ ಇಲ್ಲ. ಗುಡ್ಡ ಜರಿದರೂ ಕಂತು ಕಂತೇ.

ಆದ್ದರಿಂದ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಕೈಗೆ ನಿಜವಾಗಿ ಎಷ್ಟು ಬರುತ್ತದೆ? ಒಟ್ಟು ಎಷ್ಟು ಹಿಂದಕ್ಕೆ ಕೊಡಬೇಕು? ಕಟ್ಟುವ ದಿನ ನಮಗೆ ಹಣ ಬರುವ ದಿನಕ್ಕೆ ಹೊಂದುತ್ತದೆಯೇ? ಕೆಟ್ಟ ವರ್ಷ ಬಂದರೆ ಅವರು ನಮ್ಮಿಂದ ಏನನ್ನು ಒಯ್ಯುತ್ತಾರೆ?

ಧವಸ ಭಂಡಾರಕ್ಕೆ ಭತ್ತ ಒಯ್ಯಲು ಹೋಗುತ್ತಿದ್ದವರು ಈ ನಾಲ್ಕನ್ನೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಭಂಡಾರ ಕಣ್ಣೆದುರೇ ಇತ್ತು, ಅಳೆಯುವವನು ಊರವನೇ ಆಗಿದ್ದ. ಈಗ ಸಾಲ ಕೊಡುವವರ ಮುಖ ಕಾಣುವುದಿಲ್ಲ. ಅದಕ್ಕೇ ಬಾಯಿಬಿಟ್ಟು ಕೇಳಬೇಕು, ಕಾಗದದಲ್ಲಿ ಬರೆಸಿಕೊಳ್ಳಬೇಕು, ಮನೆಯವರ ಹತ್ತಿರ ಓದಿಸಿ ಕೇಳಿ ಆಮೇಲೆ ಸಹಿ ಹಾಕಬೇಕು.